ಮಾಣಿಯಲ್ಲಿ ನಾಲ್ಕು ನೀರು

ಬೆಂಗಳೂರಿನ ರಾತ್ರಿ ಬಸ್ಸು ಶಿರಾಡಿ ಇಳಿದು ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ ದಾಟಿ ಮಾಣಿ ಮುಟ್ಟುವಾಗ ಇನ್ನೂ ಸರಿಯಾಗಿ ಬೆಳಕಾಗಿರುವುದಿಲ್ಲ. ಕಂಡಕ್ಟರ್ "ಮಾಣಿ, ಮಾಣಿ" ಎಂದು ಕೂಗಿದಾಗ ಪ್ರತಿ ಸಲವೂ ನನಗೆ ಅರೆನಿದ್ದೆಯಲ್ಲಿ ಒಂದು ಅನುಮಾನ, ಊರನ್ನು ಕೂಗಿದನೋ ನನ್ನನ್ನೋ ಎಂದು. ನಮ್ಮ ಹವ್ಯಕರಲ್ಲಿ ಮಾಣಿ ಎಂದರೆ ಹುಡುಗ. ಐವತ್ತು ದಾಟಿ ತಲೆ ನರೆತರೂ ಸೋದರಮಾವನ ಬಾಯಲ್ಲಿ ನಾನು ಮಾಣಿಯೇ. ಉಡುಪಿ ಹೋಟೆಲುಗಳಲ್ಲಿ ಅದೇ ಮಾತಿಗೆ ಮೇಜಿಗೆ ಚಾ ತಂದಿಡುವವನು ಎಂಬ ಅರ್ಥ. ಈ ಸಲ ಎರಡೂ ಅರ್ಥ ನನಗೆ ಹೊಂದುತ್ತಿತ್ತು. ಚೀಲದೊಳಗೆ ಬನಿಯನ್ನುಗಳ ನಡುವೆ ಸುತ್ತಿಟ್ಟ 100 ಗ್ರಾಮಿನ ಒಂದು ತಗಡಿನ ಡಬ್ಬಿ ಇತ್ತು. ಮೂರು ವಾರದ ಹಿಂದೆ ಚೀನದ ಹಾಂಗ್‌ಝೌ ಪಟ್ಟಣದ ಪಕ್ಕದ ಗುಡ್ಡದಿಂದ ಕೊಂಡ ಹಸಿರು ಚಾ. ಅದನ್ನು ಮಾವನಿಗೂ ಅತ್ತೆಗೂ ಮಾಡಿ ಕೊಡಬೇಕೆಂದು ಹೊರಟಿದ್ದೆ.

ಮಾಣಿಯಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಮಾಣಿಗೆ ಬಂದವರಲ್ಲ. ಎಡಕ್ಕೆ ಹೊರಳಿದರೆ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು. ನೇರ ಹೋದರೆ ಕಲ್ಲಡ್ಕ, ಬಿ.ಸಿ. ರೋಡು, ಮಂಗಳೂರು. ಬಸ್ಸು ಬದಲಿಸಲು ಇಳಿಯುತ್ತಾರೆ, ನಿಂತಲ್ಲೇ ಒಂದು ಚಾ ಕುಡಿಯುತ್ತಾರೆ, ಹತ್ತುತ್ತಾರೆ. ಹೆದ್ದಾರಿ ಅಗಲವಾದ ಮೇಲೆ ನನ್ನ ಬಾಲ್ಯದ ಮಾಣಿಯ ಗುರುತುಗಳೆಲ್ಲ ಹೋಗಿ, ಮಾವನ ತೋಟಕ್ಕೆ ಇಳಿಯುವ ಕವಲುದಾರಿಯನ್ನು ನಾನೇ ಎರಡು ಸಲ ತಪ್ಪಿಸಿಕೊಂಡದ್ದುಂಟು.

ಮೇ ತಿಂಗಳ ಮೊದಲ ವಾರ. ಕರಾವಳಿಯ ಜಾತ್ರೆ-ಕೋಲಗಳು ಮುಗಿಯುವ ಪತ್ತನಾಜೆಗೆ ಇನ್ನೂ ಮೂರು ವಾರ ಇತ್ತು. ಬೆಳಗ್ಗೆ ಆರಕ್ಕೇ ಬೆನ್ನು ಬೆವರುತ್ತಿತ್ತು. ಜಗಲಿ ಹತ್ತಿದವನಿಗೆ ಅತ್ತೆ ಎಂದಿನಂತೆ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟರು. ಆಮೇಲೆ ಎಂದಿನದೇ ಪ್ರಶ್ನೆ: "ಆಸರಿಂಗೆ ಎಂತ ಅಕ್ಕು?" ಕಾಫಿಯೋ, ಕಷಾಯವೋ, ಪುನರ್ಪುಳಿಯೋ. ನಾನು ಡಬ್ಬಿ ತೆಗೆದು, ಇಂದು ಆಸರಿಂಗೆ ನನ್ನ ಲೆಕ್ಕ ಎಂದೆ.

ಆ ಮೊದಲ ಪ್ರಯೋಗ ಹಾಳಾಯಿತು. ಅಡುಗೆಮನೆಯ ನಳ್ಳಿಯಿಂದ ನೀರು ಹಿಡಿದು, ಬಿಸಿ ಮಾಡಿ, ಎಲೆಯ ಮೇಲೆ ಹೊಯ್ದೆ. ಹಾಂಗ್‌ಝೌನಲ್ಲಿ ಅದೇ ಎಲೆ ಎಳೆ ಹಳದಿ-ಹಸಿರು ಬಣ್ಣ ಬಿಟ್ಟಿತ್ತು. ಇಲ್ಲಿ ನೋಡನೋಡುತ್ತಿದ್ದಂತೆ ಲೋಟದೊಳಗೆ ಕಂದು ಕವಿಯಿತು, ಐದು ನಿಮಿಷಕ್ಕೆ ನೇರಳೆಗಪ್ಪಾಯಿತು. ಮೇಲೆ ತೆಳ್ಳಗೆ ಎಣ್ಣೆಯಂತಹ ಪೊರೆ. ಮಾವ ಕನ್ನಡಕ ಏರಿಸಿ ಲೋಟವನ್ನು ಬೆಳಕಿಗೆ ಹಿಡಿದು, "ಇದೆಂತ ಮಾಣಿ, ಶಾಯಿಯಾ?" ಎಂದರು.

ತಮಾಷೆಗೆ ಹೇಳಿದ್ದು, ಆದರೆ ಅಕ್ಷರಶಃ ನಿಜ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಕಪ್ಪು ಶಾಯಿ ಮಾಡುತ್ತಿದ್ದರು. ಅಳಲೆಯ ಒಗರೂ ಅನ್ನಭೇದಿಯ ಕಬ್ಬಿಣವೂ ಕೂಡಿದರೆ ಕಪ್ಪು. ಚಾ ಎಲೆಯಲ್ಲಿ ಇರುವುದೂ ಅದೇ ಜಾತಿಯ ಒಗರು. ನಳ್ಳಿಯ ನೀರು ಬೋರಿನದ್ದು. ಹತ್ತು ವರ್ಷದ ಹಿಂದೆ ಮಾವ ತೋಟಕ್ಕೆಂದು ಕೊರೆಸಿದ ಬೋರು, ಈಗ ಟಾಂಕಿ ತುಂಬಿಸಿ ಅಡುಗೆಮನೆಯವರೆಗೂ ಬರುತ್ತದೆ. ಅದನ್ನು ಹಿಡಿದಿಡುವ ಬಾಲ್ದಿಗಳ ಒಳಮೈಯಲ್ಲಿ ತುಕ್ಕಿನ ಬಳೆ ಕಟ್ಟಿದೆ. ದಿನಾ ಅದೇ ನೀರಲ್ಲಿ ಚಾ ಕುದಿಸುತ್ತಾರೆ, ಆದರೆ ಹಾಲು ಬಿದ್ದ ಮೇಲೆ ಯಾರಿಗೆ ಕಾಣಬೇಕು?

ಆಗ ನೆನಪಾಯಿತು, ಹಾಂಗ್‌ಝೌನಲ್ಲಿ ಈ ಡಬ್ಬಿ ಮಾರಿದ ಹೆಂಗಸು ಕೇಳಿದ ಪ್ರಶ್ನೆ.

ಶಾಂಘೈಯಲ್ಲಿ ನಾಲ್ಕು ದಿನದ ಕೆಲಸ ಮುಗಿದು ಒಂದು ದಿನ ಕೈಯಲ್ಲಿ ಉಳಿದಿತ್ತು. ವೇಗದ ರೈಲಿನಲ್ಲಿ ಒಂದು ತಾಸಿನೊಳಗೆ ಹಾಂಗ್‌ಝೌ. ಅಲ್ಲಿಯ ಪಶ್ಚಿಮ ಸರೋವರ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ, ಹಾಗಾಗಿ ಜನಜಾತ್ರೆ. ಸರೋವರವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಅದರ ಆಚೆಯ ಗುಡ್ಡಗಳಿಗೆ ಹೋದೆ. ಲೋಂಗ್‌ಜಿಂಗ್ ಎಂಬ ಹಳ್ಳಿ. ಲೋಂಗ್ ಎಂದರೆ ನಮ್ಮ ಹಳೆ ಪುಸ್ತಕಗಳ ಘಟಸರ್ಪ, ಜಿಂಗ್ ಎಂದರೆ ಬಾವಿ. ಆ ಬಾವಿಯಲ್ಲಿ ಮಳೆ ತರುವ ಘಟಸರ್ಪ ಇದೆಯೆಂದು ಹಿಂದಿನವರ ನಂಬಿಕೆ. ತುಳುನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿಯೂ ನೀರಿದ್ದಲ್ಲಿ ನಾಗ ಇರುತ್ತಾನೆ.

ಜಿಟಿಜಿಟಿ ಮಳೆ ಬರುತ್ತಿತ್ತು. ಇಳಿಜಾರಿನಲ್ಲಿ ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗಿನ ಚಾ ಗಿಡಗಳ ಸಾಲು. ಚೀನೀಯರ ಸೌರ ಪಂಚಾಂಗದಲ್ಲಿ ಏಪ್ರಿಲ್ 4-5ರ ಸುಮಾರಿಗೆ ಛಿಂಗ್‌ಮಿಂಗ್ ಬರುತ್ತದೆ, ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ದಿನ. ಅದಕ್ಕೆ ಮೊದಲು ಕೊಯ್ದ ಕೊಡಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ನಮ್ಮ ಸೌರ ಯುಗಾದಿಯಾದ ಬಿಸುವಿಗೆ ಹತ್ತು ದಿನ ಮೊದಲು ಎನ್ನಿ. ಅಲ್ಲಿಂದ ಏಪ್ರಿಲ್ 20ರ ಸುಮಾರಿನ 'ಧಾನ್ಯದ ಮಳೆ'ಯವರೆಗೆ ಎರಡನೆಯ ದರ್ಜೆ. ಆಮೇಲಿನದ್ದನ್ನು ದಿನಬಳಕೆಗೆ ಕುಡಿಯುತ್ತಾರೆ. ನಾನು ಹೋದದ್ದು ಎರಡರ ನಡುವೆ, ಕೊಂಡದ್ದೂ ನಡುವಿನದ್ದೇ. ಮೊದಲಿನದರ ಬೆಲೆ ಕೇಳಿದರೆ ಅಡಿಕೆಗೆ ಒಳ್ಳೆ ದರ ಬಂದ ವರ್ಷದಲ್ಲೂ ನಮ್ಮವರಿಗೆ ಬೆವರು ಬರುತ್ತದೆ. ಹೂ ಗುಂಗ್ ಎಂಬ ಹಳೆ ಗುಡಿಯ ಎದುರು ಬೇಲಿ ಹಾಕಿ ಕಾಪಾಡಿದ 18 ಗಿಡಗಳಿವೆ. ಹದಿನೆಂಟನೆಯ ಶತಮಾನದ ಚಿಯಾನ್‌ಲೋಂಗ್ ಚಕ್ರವರ್ತಿ ಮೆಚ್ಚಿ ಅರಮನೆಗೆ ಮೀಸಲಿಟ್ಟ ಗಿಡಗಳೆಂದು ಕಥೆ. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು, ನಾನೂ ತೆಗೆದುಕೊಂಡೆ. ಗಿಡ ಗಿಡದ ಹಾಗೆಯೇ ಇತ್ತು.

ನಿಂತು ನೋಡಬೇಕಾದದ್ದು ಹುರಿಯುವುದನ್ನು. ಒಂದು ಮನೆಯ ಮುಂಗಟ್ಟಿನಲ್ಲಿ ಅರವತ್ತು ದಾಟಿದ ಒಬ್ಬರು ನೆಲಕ್ಕೆ ಕೂಡಿಸಿದ ದೊಡ್ಡ ಬಾಣಲೆಯ ಮುಂದೆ ಕೂತಿದ್ದರು. ಸೌದೆಯ ಬದಲು ಈಗ ವಿದ್ಯುತ್ತಿನ ಬಿಸಿ. ಬಾಣಲೆಗೆ ಒಂದಿಷ್ಟು ಜಿಡ್ಡು ಸವರಿ, ಬಾಡಿಸಿಟ್ಟ ಹಸಿ ಕೊಡಿಗಳನ್ನು ಸುರಿದರು. ಚುರ್ರೆಂದಿತು. ಸುಮಾರು 200 ಡಿಗ್ರಿ ಬಿಸಿಯ ಕಬ್ಬಿಣದೊಳಗೆ ಬರಿಗೈ. ಬಾಚಿದರು, ಎತ್ತಿ ಉದುರಿಸಿದರು, ಅಂಗೈಯಲ್ಲಿ ಸವರಿದರು, ಬಾಣಲೆಯ ಗೋಡೆಗೆ ಒತ್ತಿ ಜಾರಿಸಿದರು. ಈ ಕೈಚಲನೆಗಳಿಗೆ ಹತ್ತು ಬೇರೆ ಬೇರೆ ಹೆಸರುಂಟಂತೆ, ತಾಳದ ಹೆಸರಿನ ಹಾಗೆ. ಕೊಯ್ದ ಎಲೆ ಹಾಗೇ ಬಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತ ಹೋಗುತ್ತದೆ. ಕೊಯ್ದ ಬಾಳೆದಿಂಡು ಕಪ್ಪಾಗುವುದೂ ಅದೇ ಕಾರಣಕ್ಕೆ. ಪೂರ್ತಿ ಕಪ್ಪಾಗಲು ಬಿಟ್ಟು ಒಣಗಿಸಿದರೆ ನಾವು ಕುಡಿಯುವ ಚಾ ಹುಡಿ. ಕಪ್ಪಾಗುವ ಮೊದಲೇ ಬಿಸಿ ಮುಟ್ಟಿಸಿ ತಡೆದರೆ ಹಸಿರು ಚಾ. ಗಿಡ ಒಂದೇ, ಬೇರೆ ಬೇರೆಯೆಂದು ನಾನು ಬಹಳ ಕಾಲ ತಿಳಿದಿದ್ದೆ. ಕಾಲು ಗಂಟೆ ಹುರಿದು, ಆರಲು ಬಿಟ್ಟು, ಕಡಿಮೆ ಬಿಸಿಯಲ್ಲಿ ಮತ್ತೊಮ್ಮೆ ಹುರಿಯುತ್ತಾರೆ. ಕೊನೆಗೆ ಪ್ರತಿ ಎಲೆಯೂ ಪುಸ್ತಕದೊಳಗೆ ಇಟ್ಟು ಮರೆತ ಎಲೆಯಂತೆ ಚಪ್ಪಟೆ. ನಾಲ್ಕೈದು ಕಿಲೋ ಹಸಿ ಎಲೆಗೆ ಒಂದು ಕಿಲೋ ಚಾ ಸಿಗುತ್ತದೆ. ಉತ್ತಮ ದರ್ಜೆಯದಾದರೆ ಅರ್ಧ ಕಿಲೋಗೆ ಮೂವತ್ತು ಸಾವಿರಕ್ಕೂ ಮಿಕ್ಕಿ ಕೊಡಿ ಚಿವುಟಬೇಕು. ಇಂಥ ಕೈಕೆಲಸಗಳನ್ನೆಲ್ಲ ಸೇರಿಸಿ ಚೀನದ ಚಾ ತಯಾರಿಯ ಪರಂಪರೆಯನ್ನು ಯುನೆಸ್ಕೊ 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅವರ ಬೆರಳ ತುದಿಗಳು ಅಡಿಕೆ ಸುಲಿಯುವವರ ಬೆರಳಿನ ಹಾಗೆಯೇ ದಪ್ಪಗಟ್ಟಿದ್ದವು.

ಅವರ ಮನೆಯಾಕೆ ನನ್ನನ್ನು ಕೂರಿಸಿ ಉದ್ದ ಗಾಜಿನ ಲೋಟಕ್ಕೆ ಮೂರು ಬೆರಳ ಚಿಟಿಕೆ ಎಲೆ ಹಾಕಿ, ಥರ್ಮಾಸಿನಿಂದ ನೀರು ಹೊಯ್ದರು. ಎಲೆಗಳು ಮೊದಲು ತೇಲಿದವು, ಆಮೇಲೆ ಒಂದೊಂದಾಗಿ ನೆಟ್ಟಗೆ ನಿಂತು ಕೆಳಗಿಳಿದವು. ಸೋಸುವುದಿಲ್ಲ. ಎಲೆಯನ್ನು ತುಟಿಯಿಂದ ತಡೆಯುತ್ತ ಕುಡಿಯಬೇಕು. ಇಬ್ಬರ ನಡುವೆ ಅನುವಾದ ಮಾಡುವ ಮೊಬೈಲು. ಹೆಚ್ಚು ಮಾತಾಡಲು ಇರಲಿಲ್ಲ. ನಾನು ಡಬ್ಬಿಗೆ ದುಡ್ಡು ಕೊಟ್ಟು ಏಳುವಾಗ ಆಕೆ ಏನೋ ಹೇಳಿ ಮೊಬೈಲು ನನ್ನ ಮುಖಕ್ಕೆ ಹಿಡಿದರು. "ನಿಮ್ಮ ಊರಿನ ನೀರು ಹೇಗಿದೆ?"

ಒಳ್ಳೆಯದಿದೆ ಎಂದುಬಿಟ್ಟೆ. ಯಾವ ಊರು ಎಂದು ಆಕೆ ಕೇಳಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಟ್ಯಾಂಕರ್ ನೀರಿನ ಬಗ್ಗೆ ನಾನು ಹಾಗೆ ಹೇಳಿದ್ದಲ್ಲ ಎನ್ನುವುದು ನನಗೇ ಗೊತ್ತಿತ್ತು. ಬಾಯಿಗೆ ಬಂದ ಊರು ಮಾಣಿ.

ಸಂಜೆ ರೈಲಿಗೆ ಮೊದಲು ಹೂಪಾವೊ ಬುಗ್ಗೆಗೆ ಹೋದೆ. ಹಾಂಗ್‌ಝೌನವರು ಲೋಂಗ್‌ಜಿಂಗ್ ಎಲೆಗೆ ಹೂಪಾವೊ ನೀರೇ ಜೋಡಿ ಎನ್ನುತ್ತಾರೆ. ಹುಲಿಗಳು ನೆಲ ಕೆರೆದು ಹುಟ್ಟಿಸಿದ ಬುಗ್ಗೆಯೆಂದು ಕಥೆ. ಕಲ್ಲಿನ ಸಂದಿಯಿಂದ ಜಿನುಗುವ ಈ ನೀರಿನಲ್ಲಿ ಖನಿಜ ಬಹಳ ಕಡಿಮೆ. ಬಟ್ಟಲು ತುಂಬಿದ ಮೇಲೂ ಅಂಚಿನಿಂದ ಮೇಲಕ್ಕೆ ಉಬ್ಬಿ ನಿಲ್ಲುತ್ತದೆ, ಚೆಲ್ಲುವುದಿಲ್ಲ ಎಂದು ನಾಣ್ಯ ಹಾಕಿ ತೋರಿಸುತ್ತಾರೆ. ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಪ್ಲಾಸ್ಟಿಕ್ ಕ್ಯಾನು ಹಿಡಿದು ಸಾಲು ನಿಂತ ಮುದುಕರು. ಆಧುನಿಕ ಪಟ್ಟಣ, ಮನೆಮನೆಗೆ ನಳ್ಳಿ, ಆದರೂ ಚಾಕ್ಕೆ ಬೇರೆ ನೀರು.

ಮಾಣಿಯಲ್ಲಿ ಶಾಯಿ ಚೆಲ್ಲಿದ ಮೇಲೆ ಇದನ್ನೆಲ್ಲ ಮಾವನಿಗೆ ಹೇಳಿದೆ. ಜೊತೆಗೆ ಲು ಯು ಕಥೆಯನ್ನೂ. ಎಂಟನೆಯ ಶತಮಾನದವನು, ಚಾ ಕುರಿತ ಮೊದಲ ಗ್ರಂಥ 'ಚಾ ಜಿಂಗ್' ಬರೆದವನು. ಅವನ ಪ್ರಕಾರ ಚಾಕ್ಕೆ ಬೆಟ್ಟದ ನೀರು ಉತ್ತಮ, ಹೊಳೆಯದ್ದು ಮಧ್ಯಮ, ಬಾವಿಯದ್ದು ಕೊನೆ. ಬೆಟ್ಟದ್ದರಲ್ಲೂ ಧುಮುಕುವ ನೀರು ಬೇಡ, ಕಲ್ಲಿನ ಮೇಲೆ ನಿಧಾನ ಹರಿಯುವುದು ಬೇಕು. ಬಾವಿಯೇ ಗತಿಯಾದರೆ ಜನ ಹೆಚ್ಚು ಸೇದುವ ಬಾವಿಯಿಂದ ತರಬೇಕು. ಮಾವ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. ಬೋರು ಅವನಿಗೆ ಗೊತ್ತಿರಲಿಲ್ಲವೇ ಎಂದರು. ನಮ್ಮ ಬಾವಿಯನ್ನು ಕೊನೆಗೆ ಹಾಕಿದ್ದು ಅವರಿಗೆ ಸರಿಬರಲಿಲ್ಲ ಎಂದು ಮುಖ ಹೇಳುತ್ತಿತ್ತು. "ಹಾಂಗಾರೆ ನೋಡುವ," ಎಂದು ಎದ್ದರು.

ಪರೀಕ್ಷೆಗೆ ಬೇಕಾದ ನಾಲ್ಕು ನೀರೂ ಹತ್ತಿರದಲ್ಲೇ ಸಿಗುತ್ತಿದ್ದವು. ಬೋರು, ಬಾವಿ ಅಂಗಳದಲ್ಲಿ. ಬಡಗಿಗೆ ಕಡೇಶಿವಾಲಯದ ಕಡೆ ನೇತ್ರಾವತಿ. ಬೆಟ್ಟದ ನೀರಿಗೆ ಸುರಂಗಕ್ಕೇ ಹೋಗಬೇಕು, ಅದಕ್ಕೆ ಮಾವನ ಮಗ, ನನ್ನ ಬಾವ, ಜೀಪು ತೆಗೆದ. ಮಾಣಿಯಿಂದ ಮಾಣಿಲಕ್ಕೆ. ಹೆಸರು ಕೇಳಿದರೆ ಅಕ್ಕಪಕ್ಕದ ಊರು ಅನ್ನಿಸುತ್ತದೆ. ಒಂದೇ ಬಂಟ್ವಾಳ ತಾಲೂಕಾದರೂ ಮಾಣಿಲ ಇರುವುದು ಕೇರಳದ ಗಡಿಯ ಗುಡ್ಡಗಳಲ್ಲಿ.

ಕಲ್ಲಡ್ಕದಲ್ಲಿ ಬಾವ ಕೇಳದೆಯೇ ಜೀಪನ್ನು ಮೇಲ್ಸೇತುವೆಯ ಅಡಿಗೆ ಇಳಿಸಿದ. 2025ರಲ್ಲಿ ಸೇತುವೆ ತೆರೆದ ಮೇಲೆ ದೂರದ ಬಸ್ಸುಗಳು ಕಲ್ಲಡ್ಕದ ತಲೆಯ ಮೇಲಿಂದಲೇ ಹಾರಿಹೋಗುತ್ತವೆ. ಆದರೂ ಕೇಟಿಗಾಗಿ ಇಳಿಯುವವರು ಇಳಿಯುತ್ತಾರೆ. ಲಕ್ಷ್ಮೀ ನಿವಾಸ ಹೋಟೆಲಿನ ಕಲ್ಲಡ್ಕ ಟೀ, ಜನರ ಬಾಯಲ್ಲಿ ಕೇಟಿ. ನಾವು ತುಳುವಿನಲ್ಲಿ ಹೇಳುವುದು "ರಡ್ಡ್ ಕೇಟಿ". ಗಾಜಿನ ಲೋಟದಲ್ಲಿ ಕೆಳಗೆ ಬೆಳ್ಳಗೆ ಹಾಲು, ಮೇಲೆ ಕಡುಕಂದು ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ. ಸಕ್ಕರೆ ಕರಗಿದ ಹಾಲು ಭಾರ, ಡಿಕಾಕ್ಷನ್ ಹಗುರ. ಆದರೆ ಆ ಗೆರೆ ಕದಡದಂತೆ ಹೊಯ್ಯಲು ಕೈಗೆ ಅಭ್ಯಾಸ ಬೇಕು. ಮನೆಯಲ್ಲಿ ಮಾಡಲು ಹೋಗಿ ನಾನು ಎಷ್ಟೋ ಸಲ ಬರೀ ಚಾ ಮಾಡಿಕೊಂಡಿದ್ದೇನೆ. ಹಸಿರು ಚಾ ಕುಡಿದು ಬಂದವರಲ್ಲಿ ಕೆಲವರು ಹಾಲಿನ ಚಾವನ್ನು ಕೀಳಾಗಿ ನೋಡುವುದುಂಟು, ನನಗೆ ಅದು ಒಪ್ಪಿಗೆಯಿಲ್ಲ. ಲೋಂಗ್‌ಜಿಂಗೂ ಕೇಟಿಯೂ ಗಾಜಿನ ಲೋಟವನ್ನೇ ಕೇಳುತ್ತವೆ. ಎರಡನ್ನೂ ಕುಡಿಯುವ ಮೊದಲು ಒಂದು ಗಳಿಗೆ ನೋಡಬೇಕು. ಎರಡರ ಹಿಂದೆಯೂ ಒಂದು ಕೈ ಇದೆ.

ಮಾತಿನಲ್ಲೂ ನಾವು ಅವರಿಗೆ ದೂರದವರಲ್ಲ. ಘಟ್ಟದ ಮೇಲಿನವರು ಟೀ ಅನ್ನುತ್ತಾರೆ. ಅದು ದಕ್ಷಿಣ ಚೀನದ ಒಂದು ಬಂದರಿನ ಆಡುಮಾತಿನ 'ತೆ', ಡಚ್ಚರ ಹಡಗಿನಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷಿನವರ ಬಾಯಲ್ಲಿ ತಿರುಗಿ ಬಂದದ್ದು. ಕರಾವಳಿಯ ನಾವು ಚಾ ಅನ್ನುತ್ತೇವೆ. ಹಾಂಗ್‌ಝೌನ ಆ ಹೆಂಗಸೂ ಲೋಟ ಮುಂದಿಟ್ಟು ಹೇಳಿದ್ದು ಚಾ ಎಂದೇ, ಅನುವಾದದ ಮೊಬೈಲು ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾದ ಒಂದೇ ಮಾತು ಅದು. ಹುಡಿ ಮಾತ್ರ ನಮ್ಮದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಅರೆದು, ಹರಿದು, ಸುರುಳಿಸುವ ಸಿಟಿಸಿ ಯಂತ್ರ ಬಂದ ಮೇಲೆ ಕಾಳು ಕಾಳಾದ ಹುಡಿಯೇ ಚಾ ಆಯಿತು. ಎಲೆ ಎಂಬುದು ನೆನಪಿನಿಂದಲೇ ಹೋಯಿತು.

ವಿಟ್ಲ ದಾಟಿ ಅಡ್ಯನಡ್ಕದ ದಾರಿ ಹಿಡಿದ ಮೇಲೆ ಎರಡೂ ಬದಿಗೆ ಕೆಂಪು ಕಡಿತ. ಮುರಕಲ್ಲು. ಇದಕ್ಕೆ 'ಲ್ಯಾಟರೈಟ್' ಎಂದು ವಿಜ್ಞಾನದ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬಂಟ್ವಾಳದ ಮೇಲೆಯೇ ಹಾದುಹೋಗಿದ್ದ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಬೀಳುವ ಮಳೆ ಲಕ್ಷಾಂತರ ವರ್ಷ ತೊಳೆದು ತೊಳೆದು ಈ ಕಲ್ಲಿನಿಂದ ಕರಗುವುದನ್ನೆಲ್ಲ ಕೊಂಡೊಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ, ರಂಧ್ರ. ಆ ರಂಧ್ರಗಳಲ್ಲಿ ಜಿನುಗುವ ನೀರಿಗೆ ಸುಣ್ಣದ ಗಡಸು ಇಲ್ಲ. ಕಬ್ಬಿಣ ಕಲ್ಲಿನಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಗಾಳಿ ಸೋಕದ ಆಳದ ಬೋರಿನಲ್ಲಿ ಮಾತ್ರ ಅದು ನೀರಿಗೆ ಇಳಿದು ಮೇಲೆ ಬರುತ್ತದೆ.

ಸುರಂಗ ಅಂದರೆ ಮಲಗಿಸಿದ ಬಾವಿ. ಗುಡ್ಡದ ಬದಿಯಲ್ಲಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಕಿಂಡಿ ಕೊರೆಯುತ್ತ, ಕೈದೀಪ ಉರಿಯುವವರೆಗೆ ಗಾಳಿ ಇದೆಯೆಂದು ನಂಬುತ್ತ, ನೀರು ಸಿಗುವವರೆಗೆ ಹೋಗುವುದು. ಸಿಕ್ಕಿದ ನೀರು ಪಂಪಿಲ್ಲದೆ ತಾನೇ ಹೊರಗೆ ಹರಿದು ಬರುತ್ತದೆ. ಕಾಸರಗೋಡು ಮತ್ತು ನಮ್ಮ ಜಿಲ್ಲೆಯ ತೆಂಕು ಭಾಗದಲ್ಲಿ ಇಂಥವು ಸಾವಿರಾರು. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡವೊಂದನ್ನು ತೋಟ ಮಾಡಲು ಹಗಲು ಕೂಲಿ ಮುಗಿಸಿ ಬಂದು ರಾತ್ರಿ ಒಬ್ಬರೇ ಸುರಂಗ ಕೊರೆದವರು. ಒಂದಾದ ಮೇಲೊಂದು ಒಣಗಿದ್ದೇ ಸಿಕ್ಕಿತು, ಜನ ನಕ್ಕರು, ಅವರು ಮತ್ತೊಂದು ಶುರುಮಾಡಿದರು. ನೀರು ಬಂತು. 2022ರಲ್ಲಿ ಪದ್ಮಶ್ರೀಯೂ ಬಂತು.

ಮಾಣಿಲದಲ್ಲಿ ನಾವು ಹೋದದ್ದು ಬಾವನ ಹೆಂಡತಿಯ ತವರಿಗೆ. ಮನೆಯ ಹಿಂದೆ ಹತ್ತು ಮೆಟ್ಟಿಲು ಹತ್ತಿದರೆ ಜರಿಗಿಡ ಮುಚ್ಚಿದ ಬಾಯಿ. ಟಾರ್ಚು ಹಿಡಿದು ಬಗ್ಗಿ ನಡೆದೆ. ಹೊರಗೆ ಅಂಗಿ ಮೈಗೆ ಅಂಟುವ ಸೆಕೆ, ಒಳಗೆ ಹತ್ತು ಹೆಜ್ಜೆಗೆ ತಂಪು, ಇಪ್ಪತ್ತಕ್ಕೆ ಚಳಿ. ಬಾವಲಿಯೊಂದು ಕಿವಿಯ ಪಕ್ಕ ಹೋಯಿತು. ಗೋಡೆಯಲ್ಲಿ ಹಿಂದಿನವರ ಹಾರೆಯ ಗೀರುಗಳು ಇನ್ನೂ ಹಾಗೇ. ಕೊನೆಯಲ್ಲಿ ಬೆರಳ ದಪ್ಪದ ನೀರು, ಸದ್ದಿಲ್ಲದೆ. ಮೇ ತಿಂಗಳಾದ್ದರಿಂದ ಅಷ್ಟೇ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಮನೆಗೆ ಬರುತ್ತಿತ್ತಂತೆ, ಈಗ ಪೈಪು. ನಿಧಾನ ಹರಿಯುವ ಬೆಟ್ಟದ ನೀರು ಎಂದು ಲು ಯು ಹೇಳಿದ್ದಕ್ಕೆ ಇದಕ್ಕಿಂತ ನಿಧಾನ ಇರಲಾರದು. ಎರಡು ಲೀಟರಿನ ಕ್ಯಾನು ತುಂಬಲು ಬಗ್ಗಿದ ಬೆನ್ನು ನೋಯುವಷ್ಟು ಹೊತ್ತು ಹಿಡಿಯಿತು. ಹೂಪಾವೊದ ಮುದುಕರ ಸಾಲಿನಲ್ಲಿ ನಾನೂ ಒಬ್ಬನಾದೆ.

ತಿರುಗಿ ಬರುವಾಗ ಹೊಳೆಗೆ ಇಳಿದೆವು. ನೇತ್ರಾವತಿ ಬಂಡೆಗಳ ನಡುವೆ ಗುಂಡಿ ಗುಂಡಿಯಾಗಿ ಉಳಿದಿತ್ತು. ಇದ್ದುದರಲ್ಲಿ ಹರಿಯುವ ಕಡೆ ಒಂದು ಬಾಟಲಿ ತುಂಬಿಸಿದೆವು.

ಮಧ್ಯಾಹ್ನದ ಊಟ, ನಿದ್ದೆ ಮುಗಿದ ಮೇಲೆ ಪರೀಕ್ಷೆ. ನ್ಯಾಯ ಅತ್ತೆಯ ಕೈಯಲ್ಲಿ. ಯಾವ ಲೋಟಕ್ಕೆ ಯಾವ ನೀರೆಂದು ಅವರಿಗೆ ಮಾತ್ರ ಗೊತ್ತು. ಗುರುತಿಗೆ ಲೋಟಗಳ ಮುಂದೆ ಒಂದು, ಎರಡು, ಮೂರು, ನಾಲ್ಕು ಅಡಿಕೆ ಇಟ್ಟರು. ಹೊಳೆ ನೀರಿನ ಭಯಕ್ಕೆ ನಾಲ್ಕನ್ನೂ ಒಮ್ಮೆ ಚೆನ್ನಾಗಿ ಕುದಿಸಿ ಆರಲು ಬಿಟ್ಟೆವು. ಕುದಿಯುವ ನೀರು ಹೊಯ್ದರೆ ಈ ಎಲೆ ಬೆಂದು ಕಹಿಯಾಗುತ್ತದೆ; 80 ಡಿಗ್ರಿಯ ಆಸುಪಾಸು ಸಾಕು. ನೀರು ಕಾಯುವಾಗ ಏಳುವ ಗುಳ್ಳೆಯನ್ನು ಲು ಯು ಮೀನಿನ ಕಣ್ಣಿಗೆ ಹೋಲಿಸಿದ್ದಾನೆ ಎಂದೆ. ಅಡುಗೆಮನೆಯೊಳಗೆ ಮೀನಿನ ಹೆಸರು ಎತ್ತಿದ್ದಕ್ಕೆ ಅತ್ತೆ ಒಮ್ಮೆ ನೋಡಿದರು. ಬೆರಳು ಅದ್ದಿ ತೆಗೆಯುವಷ್ಟು ಎಂದು ಅಳತೆ ಬದಲಿಸಿದೆವು. ಲೋಟಕ್ಕೆ 3 ಗ್ರಾಂ ಎಲೆ, ಮೂರು ನಿಮಿಷ.

"ಹಾಲು ಹಾಕದ್ದೆ ಕುಡಿವದಾ ಇದರ?" ಎಂದು ಅತ್ತೆ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಇದುವರೆಗೆ ಅವರಿಗೆ ಗ್ರೀನ್ ಟೀ ಎಂದರೆ ಬೆಂಗಳೂರಿನ ಸೊಸೆಯಂದಿರು ಹೊಟ್ಟೆ ಕರಗಿಸಲು ಅದ್ದಿ ಎತ್ತುವ ನೂಲಿನ ಚೀಲ.

ಮೂರು ಅಡಿಕೆಯ ಲೋಟಕ್ಕೆ ಪರೀಕ್ಷೆಯೇ ಬೇಡವಾಗಿತ್ತು, ಅದು ಬೆಳಗಿನ ಶಾಯಿ. ಒಂದು ಅಡಿಕೆಯದ್ದರ ಬಣ್ಣ ಚೆನ್ನಾಗಿತ್ತು. ಆದರೆ ಗುಟುಕರಿಸಿದಾಗ ಎಲೆಯ ಹಿಂದೆ ಏನೋ ಒಂದು ಮಬ್ಬು, ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಳೆ ಬಿದ್ದ ವಾಸನೆ. ಹೊಳೆ ಎಂದು ಮಾವನೂ ನಾನೂ ಒಟ್ಟಿಗೆ ಹೇಳಿದೆವು.

ಉಳಿದದ್ದು ಎರಡು. ಎರಡರಲ್ಲೂ ಎಲೆ ನೆಟ್ಟಗೆ ನಿಂತಿತ್ತು, ಬಣ್ಣ ಒಂದೇ, ಎಳೆ ಬಾಳೆಯ ಸುಳಿಯದ್ದು. ನಾಲ್ಕರದ್ದನ್ನು ಮೊದಲು ಕುಡಿದೆ. ಈ ಚಾದ ರುಚಿ ಹೇಳುವಾಗ ತಿಳಿದವರೆಲ್ಲ ಹುರಿದ ಚೆಸ್ಟ್‌ನಟ್ ಎನ್ನುತ್ತಾರೆ. ನಾನು ಅದನ್ನು ತಿಂದವನಲ್ಲ. ಹಾಂಗ್‌ಝೌನಲ್ಲಿ ಆ ವಾಸನೆ ಯಾವುದರದ್ದೆಂದು ಹೊಳೆದಿರಲಿಲ್ಲ, ಇಲ್ಲಿ ಮಾವನ ಜಗಲಿಯಲ್ಲಿ ತಟ್ಟನೆ ಸಿಕ್ಕಿತು: ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟು ಸಿಪ್ಪೆ ಬಿಡಿಸಿದ ಹಲಸಿನ ಬೇಳೆ. ಅದರ ಕೆಳಗೆ ಹಸಿ ಅಲಸಂಡೆ ಮುರಿದಾಗಿನ ಪರಿಮಳ. ನಾಲಿಗೆಯ ಬದಿಗಳಲ್ಲಿ ಒಂದು ಎಳೆ ಒಗರು, ಅಡಿಕೆಯ ಚೊಗರಿನ ದೂರದ ನೆಂಟನಂತೆ. ನುಂಗಿದ ಮೇಲೆ ಗಂಟಲಿನಿಂದ ಸಿಹಿ ತಿರುಗಿ ಬಂತು. ಇದಕ್ಕೆ ಚೀನೀಯರಲ್ಲಿ ಹುಯ್‌ಗಾನ್ ಎಂಬ ಒಂದು ಪದವೇ ಇದೆ, ಮರಳಿ ಬರುವ ಸಿಹಿ. ನಮಗೆ ಪದ ಇಲ್ಲ, ಅನುಭವ ಇದೆ. ನೆಲ್ಲಿಕಾಯಿ ಜಗಿದು ನೀರು ಕುಡಿದ ಯಾವ ಮಗುವಿಗೂ ಇದು ಗೊತ್ತು. ಇದೇ ಸುರಂಗ ಎಂದು ನಾನು ತೀರ್ಪು ಕೊಟ್ಟೆ.

ಮಾವ ಎರಡು ಅಡಿಕೆಯ ಲೋಟ ಹಿಡಿದು ಕೂತಿದ್ದರು. ಎಲೆಯ ಬಗ್ಗೆ ಅವರು ಏನೂ ಹೇಳಲಿಲ್ಲ. ಇನ್ನೊಂದು ಗುಟುಕು ಕುಡಿದರು, ಬಾಯೊಳಗೆ ಒಮ್ಮೆ ಹೊರಳಿಸಿದರು. "ಇದು ನಮ್ಮ ಬಾವಿದು," ಎಂದರು.

ಅತ್ತೆ ತಲೆಯಾಡಿಸಿದರು. ಇಬ್ಬರದ್ದೂ ಸರಿ.

ನಾನು ಎರಡನ್ನೂ ಬದಲಿಸಿ ಬದಲಿಸಿ ಕುಡಿದೆ. ಸುರಂಗದ್ದು ತೆಳು, ಸ್ವಚ್ಛ, ಎಲೆಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವಂಥದ್ದು. ಬಾವಿಯದ್ದಕ್ಕೆ ಒಂದು ಕೂದಲೆಳೆಯಷ್ಟು ತೂಕ ಹೆಚ್ಚು. ಆ ತೂಕ ನನಗೆ ಗೊತ್ತಿದ್ದದ್ದೇ. ಬೇಸಿಗೆ ರಜೆಗೆ ಬಂದು, ಗೇರುಮರ ಹತ್ತಿ ಇಳಿದು, ಹಿತ್ತಾಳೆ ಕೊಡದಿಂದ ನೇರ ಬಾಯಿಗೆ ಸುರಿದುಕೊಳ್ಳುತ್ತಿದ್ದ ನೀರು. ಈ ಬೆಳಗ್ಗೆಯೂ ಬೆಲ್ಲದ ಜೊತೆ ಅದನ್ನೇ ಕುಡಿದಿದ್ದೆ, ಗಮನಿಸಿರಲಿಲ್ಲ. ಅದಕ್ಕೆ ಒಂದು ರುಚಿ ಇದೆ ಎಂದು ತಿಳಿಯಲು ಮೂರು ಸಾವಿರ ಮೈಲಿಯಾಚೆಯ ಎಲೆ ಬೇಕಾಯಿತು. ಮಾವನಿಗೆ ಬೇಕಾಗಲಿಲ್ಲ.

ಈ ಚಾಕ್ಕೆ ಹೆಸರು ಕೊಟ್ಟದ್ದೇ ಒಂದು ಬಾವಿ, ಲು ಯು ಕೊನೆಗಿಟ್ಟರೆ ಏನಾಯಿತು ಎಂದು ಹೇಳಿದಾಗ ಮಾವನಿಗೆ ಸಮಾಧಾನವಾಯಿತು. ಅದು ಜನ ಹೆಚ್ಚು ಸೇದುವ ಬಾವಿಯಾಗಿರಬೇಕು ಎಂಬ ಷರತ್ತನ್ನು ಅವರೇ ನೆನಪಿಸಿಕೊಂಡರು. ಪಂಪು ಬಂದ ಮೇಲೆ ದಿನಕ್ಕೆ ನಾಲ್ಕು ಕೊಡವೂ ಸೇದುವುದಿಲ್ಲ ಎಂದು ರಾಟೆಯ ಕಡೆ ನೋಡಿದರು. ರಾಟೆಗೆ ಎಣ್ಣೆ ಹಾಕಬೇಕು ಎಂದರು. ಬಾವ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಅದೇ ಎಲೆಗೆ ಎರಡನೆಯ ಸಲ, ಮೂರನೆಯ ಸಲ ನೀರು ಹೊಯ್ದೆವು. ಎರಡನೆಯದೇ ಮೊದಲಿನದಕ್ಕಿಂತ ದುಂಡಗಿತ್ತು. ಮೂರನೆಯದಕ್ಕೆ ಬರುವಾಗ ಪರಿಮಳ ಹೋಗಿ ಬರೀ ಸಿಹಿನೀರು. ಕತ್ತಲಾಯಿತು, ಮಾವ ಸಂಧ್ಯಾವಂದನೆಗೆ ಎದ್ದರು. ಲೋಟದ ತಳದಲ್ಲಿ ಎಲೆಗಳು ಅರಳಿ, ಒಂದು ಮೊಗ್ಗು ಎರಡು ಎಲೆಯ ಕೊಡಿಯಾಗಿ, ಗಿಡದಿಂದ ಈಗ ಚಿವುಟಿದಂತೆ ಕೂತಿದ್ದವು. ನಾನು ಚೆಲ್ಲಲೆಂದು ತೆಂಗಿನ ಬುಡಕ್ಕೆ ಹೊರಟಾಗ ಅತ್ತೆ ತಡೆದರು. ಎರಡು ಎಲೆ ಬಾಯಿಗೆ ಹಾಕಿ ಜಗಿದು ನೋಡಿದರು. ಬೋರಿನ ಲೋಟದ್ದನ್ನು ಬಿಟ್ಟು ಉಳಿದ ಮೂರರದ್ದನ್ನೂ ಹಿಂಡಿಕೊಂಡು ಒಳಗೆ ಹೋದರು.

ರಾತ್ರಿ ಊಟಕ್ಕೆ ಬಾಳೆಲೆಯ ತುದಿಯಲ್ಲಿ ಆ ಚಾ ಎಲೆಯ ತಂಬುಳಿ ಬಿತ್ತು. ತುಪ್ಪದಲ್ಲಿ ಬಾಡಿಸಿದ ಜೀರಿಗೆ, ಒಳ್ಳೆಮೆಣಸು, ತೆಂಗಿನತುರಿ, ಮಜ್ಜಿಗೆ. ಬಣ್ಣ ತಿಮರೆ ತಂಬುಳಿಯದ್ದೇ. ಹಾಂಗ್‌ಝೌನವರು ಈ ಎಲೆಯನ್ನು ಸಿಗಡಿಯ ಜೊತೆ ಹುರಿದು ತಿನ್ನುತ್ತಾರೆ ಎಂಬುದನ್ನು ನಾನು ಹೇಳಲಿಲ್ಲ. ಮಾವ ಅನ್ನಕ್ಕೆ ಕಲಸಿ ಎರಡು ತುತ್ತು ತಿಂದು, ಅಕ್ಕು ಎಂದರು. ಅತ್ತೆಗೆ ಅಷ್ಟು ತೃಪ್ತಿಯಾಗಿರಲಿಲ್ಲ. ಸೌಟು ಹಿಡಿದು ನಿಂತವರು, "ನೇರಳೆ ಕೊಡಿಯ ಒಗರು ಇದಕ್ಕಿಲ್ಲೆ," ಎಂದರು.